ಹಡಗಿನಲ್ಲಿ ತಾಟು ಕೊಟ್ಟದ್ದು

ನನ್ನ ಅಣ್ಣ ಕೊತ್ತಂಬರಿ ಸೂಡಿಗೂ ಚೌಕಾಸಿ ಮಾಡುವ ಮನುಷ್ಯ. ಅಂಥವನು ಒಂದು ಸಂಜೆ ಅಂಗಡಿಯಿಂದ ಬಂದವನೇ, ಇನ್ನೂ ಕಾಲು ತೊಳೆಯುವ ಮೊದಲೇ, ಈ ಸಲ ನೀನೂ ನಮ್ಮ ಜೊತೆ ಹಡಗಿನಲ್ಲಿ ಬಾ, ನಿನ್ನ ಟಿಕೆಟ್ಟು ನಾನೇ ತೆಗೆಸಿದ್ದೇನೆ ಎಂದ. ನನಗೆ ಮೊದಲು ಆದದ್ದು ಸಂತೋಷವಲ್ಲ, ಸಂಶಯ. ತಿದ್ದುತ್ತಿದ್ದ ಪರೀಕ್ಷೆ ಪೇಪರನ್ನು ಹಾಗೇ ಹಿಡಿದು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡದೆ ಬಚ್ಚಲಿಗೆ ಹೋದ.

ಅಣ್ಣನದು ಶಹಾಪುರದಲ್ಲಿ ಗೊಬ್ಬರ, ಬೀಜ, ಔಷಧದ ಅಂಗಡಿ. ಕಾಲುವೆ ಬಂದು ಸುತ್ತಲಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಬೆಳೆದ ಅಂಗಡಿ ಅದು. ಮಾಲು ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿಯವರು ಆಗಾಗ ಎಲ್ಲಿಗಾದರೂ ಕರೆದೊಯ್ಯುತ್ತಾರೆ. ಒಮ್ಮೆ ಗೋವಾ, ಒಮ್ಮೆ ಬ್ಯಾಂಕಾಕು. ಬ್ಯಾಂಕಾಕಿಗೆ ಹೋಗಿ ಬಂದವರನ್ನು ಅಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ದೇವಸ್ಥಾನ ಎನ್ನುತ್ತಾರೆ, ನಾನು ನಂಬಿದವಳಲ್ಲ. ಆ ಸಲ ಹಡಗು. ಮುಂಬೈಯಿಂದ ಹೊರಟು, ಲಕ್ಷದ್ವೀಪದ ಒಂದು ನಡುಗಡ್ಡೆ ತೋರಿಸಿ, ತಿರುಗಿ ಮುಂಬೈಗೆ ತಂದು ಬಿಡುವುದು. ಡೀಲರಿಗೂ ಅವನ ಹೆಂಡತಿಗೂ ಪುಕ್ಕಟೆ. ಮೂರನೆಯವಳಾದ ನನ್ನ ಖರ್ಚು ಅಣ್ಣನ ಕಿಸೆಯಿಂದ. ಅಲ್ಲೇ ನನಗೆ ಎಡವಟ್ಟು ಕಂಡದ್ದು.

ನಾನು ಸುರಪುರದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರು. ದಿನಾ ಶಹಾಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮದುವೆ ಆಗಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ನಮ್ಮೂರಲ್ಲಿ ಬರವಿಲ್ಲ; ನಾನು ಯಾರಿಗೂ ಉತ್ತರ ಕೊಟ್ಟಿಲ್ಲ, ಇಲ್ಲಿಯೂ ಕೊಡುವುದಿಲ್ಲ. ಹುಟ್ಟಿದ ಮನೆಯಲ್ಲೇ, ಹಿತ್ತಲ ಕಡೆಯ ಕೋಣೆಯಲ್ಲಿ, ನನ್ನ ಪುಸ್ತಕ, ನನ್ನ ಟ್ರಂಕು, ನಾನು ಮಲಗುವ ಹೊರಸು ಇಟ್ಟುಕೊಂಡು ನಲವತ್ತು ದಾಟಿದ್ದೆ. ಅಣ್ಣನ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅಕ್ಷರ ತಿದ್ದಿಸಿದ್ದು ಅದೇ ಕೋಣೆಯಲ್ಲಿ.

ಸಂಶಯ ನನಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪನ ಹೊಲ ಕಾಲುವೆಯ ಕಟ್ಟಕಡೆಗೆ. ಮೇಲಿನವರು ಕುಡಿಸಿ ಬಿಟ್ಟರೆ ನಮಗೆ ನೀರು. ಗೇಟು ಕಾಯುವವನು, ಬಿಟ್ಟೀನ್ರಿ, ಮುಂಜಾನಿ ನಿಮ್ಮ ಹೊಲದಾಗ ಇರತದ, ಎನ್ನುತ್ತಿದ್ದ. ಮುಂಜಾನೆ ಹೋಗಿ ನೋಡಿದರೆ ಹೊಲದಲ್ಲಿ ಕಪ್ಪೆಯೂ ಇರುತ್ತಿರಲಿಲ್ಲ. ನೀರು ಕಾಲಿಗೆ ತಾಗಿದ ಮೇಲೆ ನಂಬು ಎಂದು ಅಪ್ಪ ಹೇಳುತ್ತಿದ್ದ. ಅಣ್ಣ ಆ ಮಾತು ಮರೆತು ವ್ಯಾಪಾರಿಯಾದ, ನಾನು ಮರೆಯದೆ ಟೀಚರಾದೆ.

ಹಡಗಿನ ಮಾತಿಗಿಂತ ಮೊದಲೇ ಮನೆಯಲ್ಲಿ ಏನೋ ನಡೆದಿತ್ತು. ಅಣ್ಣನ ಮಗನಿಗೆ ಹೆಣ್ಣು ಗೊತ್ತಾಗುತ್ತ ಬಂದಿತ್ತು, ಮನೆಗೆಲ್ಲ ಬಣ್ಣ ಹಚ್ಚುವುದಿತ್ತು. ಬಣ್ಣದವನು ನನ್ನ ಕೋಣೆಗೂ ಬಂದು ಗೋಡೆ ತಟ್ಟಿ ನೋಡಿದ. ಯಾರು ಕಳಿಸಿದರು ಎಂದರೆ, ಅವ್ವಾರು, ಎಂದ. ಅವ್ವಾರು ಎಂದರೆ ವೈನಿ, ನನ್ನ ಅಣ್ಣನ ಹೆಂಡತಿ. ಅದಾದ ಮೇಲೆ ವೈನಿ ನನಗೆಂದು ಎರಡು ಸೀರೆ ತಂದಳು, ಒಂದು ಹಸಿರು, ಒಂದು ನೇರಳೆ. ನಾನು ಕೇಳಿರಲಿಲ್ಲ. ನನ್ನ ಕುಪ್ಪಸದ ಅಳತೆ ಕೇಳಿದಳು. ಒಂದು ದಿನ ಅಡುಗೆ ಮನೆಯಲ್ಲಿ ಅಣ್ಣನೂ ಅವಳೂ ದನಿ ತಗ್ಗಿಸಿ ವಾದ ಮಾಡುತ್ತಿದ್ದರು. ನಾನು ಕಾಲಿಟ್ಟ ಕೂಡಲೇ ಮಾತು ತೊಗರಿಬೇಳೆಯ ಮೇಲೆ ಬಂದು ಕೂತಿತು. ತೊಗರಿಬೇಳೆಯ ಬಗ್ಗೆ ಯಾರೂ ಕಿವಿಯಲ್ಲಿ ಮಾತಾಡುವುದಿಲ್ಲ.

ನಾನು ಲೆಕ್ಕ ಹಾಕಿದೆ. ಬರುವ ಸೊಸೆಗೆ ಕೋಣೆ ಬೇಕು. ನನ್ನನ್ನು ಹಡಗಿಗೆ ಹತ್ತಿಸಿ, ಈ ಕಡೆ ಮನೆಯಲ್ಲಿ ಉಳಿದ ಮಗನ ಕೈಲಿ ನನ್ನ ಟ್ರಂಕು ಎತ್ತಿಸಿ ಅಟ್ಟಕ್ಕೆ ಹಾಕಿಸುತ್ತಾಳೆ ವೈನಿ. ತಿರುಗಿ ಬಂದಾಗ ನಾನು ಪಡಸಾಲೆಯ ಮೂಲೆಯಲ್ಲಿ ಅಥವಾ ಮನೆಯ ಹೊರಗೆ. ಇಷ್ಟು ಗೊತ್ತಾದ ಮೇಲೆ ಹೋಗದೇ ಇರಬಹುದಿತ್ತು. ಆದರೆ ಹೋಗದಿದ್ದರೆ ಬೇರೆ ದಾರಿ ಹುಡುಕುತ್ತಾರೆ. ಕಣ್ಣೆದುರಿಗೆ ಇಟ್ಟುಕೊಂಡರೆ ಹುನ್ನಾರ ಎಲ್ಲಿಗೆ ಹೋಗುತ್ತದೆ ಎಂದು ನೋಡಬಹುದು. ಪೇಟೆಯಿಂದ ಹೊಸ ಕೀಲಿ ತಂದು ಕೋಣೆಗೆ ಹಾಕಿದೆ. ವೈನಿ ನೋಡಿದಳು, ಏನೂ ಅನ್ನಲಿಲ್ಲ.

ವೈನಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಹೈಸ್ಕೂಲು. ಅಂದಿನಿಂದ ಒಂದೇ ಸೂರು, ಒಂದೇ ಒಲೆ. ನಮ್ಮ ನಡುವೆ ಜಗಳ ಇರಲಿಲ್ಲ, ಮಾತೂ ಇರಲಿಲ್ಲ. ಹಾಲು ಕಾಸೀಯೇನು, ಬಟ್ಟಿ ಒಳಗ ತಂದೀಯೇನು, ಇಷ್ಟೇ. ಸುಮ್ಮನಿರುವವರನ್ನು ಕಂಡರೆ ನನಗೆ ಹೆದರಿಕೆ. ಶಾಲೆಯಲ್ಲೂ ಹಾಗೇ, ಗದ್ದಲ ಮಾಡುವ ಹುಡುಗ ಸಿಕ್ಕಿಬೀಳುತ್ತಾನೆ. ಕೊನೆಯ ಸಾಲಿನಲ್ಲಿ ಸುಮ್ಮನೆ ಕೂತವನು ಏನು ಮಾಡುತ್ತಿದ್ದಾನೆ ಎಂದು ಗೊತ್ತಾಗುವುದಿಲ್ಲ.

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಇನ್ನಿಬ್ಬರು ಜೊತೆಯಾದರು. ಯಾದಗಿರಿಯ ಒಬ್ಬ ಡೀಲರು, ಅಣ್ಣನ ವ್ಯಾಪಾರದ ಗೆಳೆಯ, ಹೆಂಡತಿ ತೀರಿಕೊಂಡವರು. ಹೆಂಡತಿಯ ಜಾಗಕ್ಕೆ ತಮ್ಮ ಅಕ್ಕನನ್ನು ಕರೆದುಕೊಂಡು ಹೊರಟಿದ್ದರು. ಅಕ್ಕ ದೊಡ್ಡ ಹೆಂಗಸು, ದೊಡ್ಡ ಕುಂಕುಮ, ದೊಡ್ಡ ದನಿ. ರೈಲು ಬಿಡುವುದರೊಳಗೆ ನನ್ನ ವಯಸ್ಸು ಕೇಳಿದಳು, ವಾಡಿ ಸ್ಟೇಷನ್ನು ಬರುವುದರೊಳಗೆ ಇನ್ನೂ ಎಷ್ಟು ವರ್ಷ ನೌಕರಿ ಇದೆ ಎಂದು ಕೇಳಿದಳು. ಆಗಲೇ ನನಗೆ ತಿಳಿಯಬೇಕಿತ್ತು, ನಿಜ. ಆದರೆ ಸಂಶಯದ ಮನುಷ್ಯರಿಗೆ ಒಂದು ರೋಗವಿದೆ. ಒಂದು ಕಡೆ ಕಣ್ಣು ನೆಟ್ಟರೆ ಇನ್ನೊಂದು ಕಡೆ ಆನೆ ಹೋದರೂ ಕಾಣುವುದಿಲ್ಲ. ನನ್ನ ಕಣ್ಣು ವೈನಿಯ ಮೇಲಿತ್ತು.

ಮುಂಬೈಯ ಬಂದರಿನಲ್ಲಿ ನಮ್ಮ ಚೀಲಗಳನ್ನೆಲ್ಲ ಯಂತ್ರದೊಳಗೆ ಕಳಿಸಿದರು. ಹೊರಗಿನ ತಿನಿಸು ಒಯ್ಯಬಾರದು ಎಂದು ಅಲ್ಲಿ ಬರೆದಿತ್ತು. ಹಡಗಿನ ಅಡುಗೆಯವರು ಯಾವ ಸೌಟು ಯಾವುದಕ್ಕೆ ಹಾಕುತ್ತಾರೋ ದೇವರಿಗೆ ಗೊತ್ತು ಎಂದು ನಾನು ಒಣಗಿಸಿದ ಕಟಕ ರೊಟ್ಟಿಗಳನ್ನು ಸೀರೆಯ ಮಡಿಕೆಗಳ ನಡುವೆ ಇಟ್ಟಿದ್ದೆ; ಅವು ದಾಟಿ ಹೋದವು. ಶೇಂಗಾ ಹಿಂಡಿಯ ಡಬ್ಬಿ ಸಿಕ್ಕಿಬಿತ್ತು. ಅಲ್ಲಿನ ಹುಡುಗ ಮುಚ್ಚಳ ತೆಗೆದು, ಕೆಂಪು ಪುಡಿ ನೋಡಿ, ನನ್ನನ್ನು ನೋಡಿ, ಮತ್ತೆ ಪುಡಿ ನೋಡಿದ. ಮೂಗಿನ ಹತ್ತಿರ ಒಯ್ದ. ಒಂದರ ಹಿಂದೆ ಒಂದು ಸೀನು ಬಂದು, ಒಯ್ಯಿರಿ ಒಯ್ಯಿರಿ ಎಂದು ಕೈ ಮಾಡಿದ. ನನಗೆ ಅವನು ಹಿಡಿಸಿದ. ನೋಡದೆ ನಂಬಲಿಲ್ಲವಲ್ಲ.

ಹಡಗಿನ ವರ್ಣನೆ ನಾನು ಮಾಡುವುದಿಲ್ಲ. ಒಳಗೆ ಲಿಫ್ಟು ಇತ್ತು, ಈಜುವ ಕೊಳ ಇತ್ತು, ಗೋಡೆ ತುಂಬ ಕನ್ನಡಿ. ಎಲ್ಲಿ ತಿರುಗಿದರೂ ನಮ್ಮದೇ ಮುಖ. ನಮ್ಮ ಕೋಣೆಯಲ್ಲಿ ಮೂರು ಹಾಸಿಗೆ: ವೈನಿ, ನಾನು, ಯಾದಗಿರಿಯ ಅಕ್ಕ. ಅಣ್ಣ ಮತ್ತು ಯಾದಗಿರಿಯವರು ಎದುರಿನ ಕೋಣೆಯಲ್ಲಿ. ಗಂಡ ಹೆಂಡತಿಗೆ ಎಂದು ಕೊಟ್ಟ ಕೋಣೆಯನ್ನು ಹೀಗೆ ಹಂಚಿಕೊಂಡದ್ದು ಯಾಕೆ ಎಂದು ಕೇಳಿದೆ. ನಿನಗ ಒಬ್ಬಾಕಿಗೆ ಅಂಜಿಕಿ ಆಗತದ ಅಂತ, ಎಂದಳು ವೈನಿ. ನಾನು ಒಬ್ಬಳೇ ಸುರಪುರದ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದು ಹೋಗುವವಳು.

ಮರುದಿನ ಸುತ್ತಲೂ ನೀರೇ. ದಡ ಎಂಬುದು ಯಾವ ಕಡೆಗೂ ಇಲ್ಲ. ಗಂಡಸರು ಕಂಪನಿಯ ಮೀಟಿಂಗಿಗೆ ಹೋದರು, ಭತ್ತದ ಹುಳಕ್ಕೆ ಬಂದ ಹೊಸ ಔಷಧದ ಬಗ್ಗೆ ಪರದೆಯ ಮೇಲೆ ತೋರಿಸುತ್ತಿದ್ದರಂತೆ. ಹೆಂಗಸರು ಹಡಗಿನ ಮೇಲಿನ ಡೆಕ್ಕಿಗೆ ಹೋಗಿ ಕಂಬಿ ಹಿಡಿದು ನಿಂತೆವು. ಸರದಿ ಹಚ್ಚಿ ಹೊಲಕ್ಕೆ ನೀರು ಕುಡಿಸುವ ಊರಿನವರು ನಾವು. ನನ್ನ ಪಾಳಿ, ನಿನ್ನ ಪಾಳಿ ಎಂದು ಸನಿಕೆ ಹಿಡಿದು ಬಡಿದಾಡಿಕೊಂಡ ಅಣ್ಣತಮ್ಮಂದಿರನ್ನು ನಾನು ಬಲ್ಲೆ. ಅಷ್ಟು ನೀರನ್ನು ಯಾರೂ ಕಾಯದೆ ಬಿಟ್ಟಿದ್ದು ನೋಡಿ ನನಗೆ ಖುಷಿಯಾಗಲಿಲ್ಲ. ಉಪ್ಪುನೀರು ಎಂದು ಗೊತ್ತಿದ್ದರೂ ಹೊಟ್ಟೆ ಉರಿಯಿತು.

ಯಾದಗಿರಿಯ ಅಕ್ಕನಿಗೆ ನೀರಿನ ಮೇಲೆ ಲಕ್ಷ್ಯವಿರಲಿಲ್ಲ. ಮೊಣಕಾಲು ನೋಯ್ತಾವೇನು ಎಂದು ಕೇಳಿದಳು. ಸಕ್ಕರೆ ಕಾಯಿಲೆ ನಿಮ್ಮ ಮನೆತನದಲ್ಲಿ ಯಾರಿಗಾದರೂ ಇದೆಯೇ ಎಂದಳು. ಗೋಡೆಯ ಮೇಲಿನ ಸಣ್ಣ ಅಕ್ಷರದ ಸೂಚನೆ ತೋರಿಸಿ, ಅದೇನು ಬರ್ದಾರ ಓದಿ ಹೇಳವ್ವ, ಚಶ್ಮಾ ತಗದು ಓದು, ಎಂದಳು. ಓದಿ ಹೇಳಿದೆ. ಬೇಷ್, ಎಂದಳು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರೂ ಇಷ್ಟು ನೋಡುವುದಿಲ್ಲ. ಹಾಗಿದ್ದರೂ ನಾನು ತಿಳಿದದ್ದು ಏನು? ನನ್ನನ್ನು ಮನೆಯಿಂದ ಹೊರಹಾಕಲು ವೈನಿ ಏನೋ ನೆಪ ಹುಡುಕುತ್ತಿದ್ದಾಳೆ, ಇವಳಿಗೆ ನನ್ನ ಆರೋಗ್ಯದ ಲೆಕ್ಕ ತೆಗೆಯಲು ಹೇಳಿದ್ದಾಳೆ, ನಾಳೆ ಹಾಸಿಗೆ ಹಿಡಿದರೆ ಯಾರು ನೋಡಬೇಕು ಎಂಬ ಮಾತು ಎತ್ತುತ್ತಾಳೆ ಎಂದು.

ಸಂಜೆ ಚಹಾದ ಹೊತ್ತಿಗೆ ಮೀಟಿಂಗು ಮುಗಿಸಿ ಗಂಡಸರೂ ಮೇಲೆ ಬಂದರು. ಎಲ್ಲರೂ ಒಂದು ಮೇಜಿನ ಸುತ್ತ ಕೂತೆವು. ಬೆಳಗಿನಿಂದ ನಾನು ಹಡಗಿನ ಬಾಳೆಹಣ್ಣು ಬಿಟ್ಟು ಏನೂ ತಿಂದಿರಲಿಲ್ಲ, ಹಸಿವು ತಡೆಯಲಾಗಲಿಲ್ಲ. ಕೆಳಗೆ ಹೋಗಿ ರೊಟ್ಟಿ, ಹಿಂಡಿ ತಂದೆ. ಅಲ್ಲೇ ಕೌಂಟರಿನಲ್ಲಿ ಮೊಸರು ಕೇಳಿ ಇಸಿದುಕೊಂಡೆ. ಕಾಗದದ ತಾಟುಗಳಲ್ಲಿ ರೊಟ್ಟಿ ಮುರಿದಿಟ್ಟು, ಹಿಂಡಿ ಹಾಕಿ, ಮೇಲೆ ಮೊಸರು ಬಿಟ್ಟೆ. ನಾಲ್ಕು ಜನರ ಎದುರಿಗೆ ಒಬ್ಬಳೇ ತಿನ್ನುವುದು ಹೇಗೆ? ಮೊದಲ ತಾಟು ಎತ್ತಿ ಯಾದಗಿರಿಯವರ ಮುಂದೆ ಚಾಚಿದೆ, ಪರ ಮನೆಯವರು ಎಂಬ ಮರ್ಯಾದೆಗೆ.

ಆಗ ವೈನಿ ಕುರ್ಚಿಯಿಂದ ಎದ್ದು ಬಂದು ಆ ತಾಟಿಗೆ ಕೈ ಹಾಕಿದಳು. "ಕೊಡಿಲ್ಲೆ, ನಾ ಕೊಡ್ತೀನಿ," ಎಂದಳು. ಅವಳ ಮುಖ ಬಿಳಿಚಿತ್ತು. ನನಗೆ ನೆತ್ತಿಗೇರಿತು. ರೊಟ್ಟಿ ಬಡಿದವಳು ನಾನು, ಹಿಂಡಿ ಕುಟ್ಟಿದವಳು ನಾನು, ಸೀರೆಯಲ್ಲಿ ಮುಚ್ಚಿ ತಂದವಳು ನಾನು. ಹೆಸರು ಮಾತ್ರ ಇವಳಿಗೆ ಬೇಕೆ? ನಾನು ತಾಟು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಒಂದು ಕ್ಷಣ ಆ ಕಾಗದದ ತಾಟು ನಮ್ಮಿಬ್ಬರ ನಡುವೆ ಹಗ್ಗವಾಯಿತು, ಮೊಸರು ಅವಳ ಸೆರಗಿನ ಮೇಲೆ ಚೆಲ್ಲಿತು. ಕೊನೆಗೆ ನಾನೇ ಗೆದ್ದೆ. ಯಾದಗಿರಿಯವರ ಕೈಗೆ ನಾನೇ ಕೊಟ್ಟೆ, ಅವರ ಅಕ್ಕನಿಗೂ ನಾನೇ ಕೊಟ್ಟೆ. ವೈನಿ ಕೂತಲ್ಲೇ ಕಣ್ಣು ಮುಚ್ಚಿಕೊಂಡಳು.

ಯಾದಗಿರಿಯ ಅಕ್ಕ ರೊಟ್ಟಿಯ ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡು, ಭಾಳ ಸಮಾಧಾನ ಆತವ್ವ, ಎಂದಳು. ಹಸಿದಿದ್ದಳು ಪಾಪ ಎಂದುಕೊಂಡೆ. ಅಣ್ಣನ ಕಣ್ಣಲ್ಲಿ ನೀರು ಬಂದಿತ್ತು, ಹಿಂಡಿ ಖಾರವಾಯಿತೇನೋ ಎಂದು ಅವನ ಮುಂದೆ ಇನ್ನಷ್ಟು ಮೊಸರು ಸರಿಸಿದೆ.

ಮಾರನೆಯ ದಿನ ನಡುಗಡ್ಡೆ. ಹಡಗು ದೂರದಲ್ಲೇ ನಿಂತಿತು, ನಮ್ಮನ್ನು ಸಣ್ಣ ದೋಣಿಗಳಲ್ಲಿ ಇಳಿಸಿ ದಡಕ್ಕೆ ಒಯ್ದರು. ಎಲ್ಲರಿಗೂ ನೀರಲ್ಲಿ ಮುಳುಗದಂತೆ ಕೇಸರಿ ಬಣ್ಣದ ಉಬ್ಬು ಅಂಗಿ. ಇಳಿಯುವಾಗ ಯಾದಗಿರಿಯವರು ನನಗೆ ಕೈ ಚಾಚಿದರು. ನಾನು ದೋಣಿಯ ಅಂಚು ಹಿಡಿದು ಇಳಿದೆ. ನೀರು ಕಾಜಿನಂತೆ ತಿಳಿಯಾಗಿತ್ತು, ಮರಳು ಬೆಳ್ಳಗೆ, ಉದ್ದಕ್ಕೂ ತೆಂಗಿನ ಮರ. ತಿಳಿ ನೀರನ್ನು ಹೆಚ್ಚು ಹೊತ್ತು ನೋಡುತ್ತ ನಿಂತೆನೋ ಏನೋ, ತಿರುಗಿ ನೋಡಿದರೆ ನಮ್ಮವರು ಯಾರೂ ಇಲ್ಲ. ಅಣ್ಣ ಎಳನೀರಿನ ಅಂಗಡಿಯ ಹಿಂದೆ ಹೋಗುತ್ತಿದ್ದ, ಯಾದಗಿರಿಯ ಅಕ್ಕ ವೈನಿಯ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ವೈನಿ ಹೊರಳಿ ಹೊರಳಿ ನನ್ನ ಕಡೆ ನೋಡುತ್ತಿದ್ದಳು. ನನ್ನ ಹತ್ತಿರ ಉಳಿದವರು ಯಾದಗಿರಿಯವರು ಒಬ್ಬರೇ.

ಅವರು ಗಂಟಲು ಸರಿಮಾಡಿಕೊಂಡು ಮಾತು ತೆಗೆದರು. "ಟೀಚರ, ನೀವು ಒಪ್ಪಿದ್ದು ನನಗ ಭಾಳ ಖುಷಿ ಆತ್ರಿ. ನಾ ಅಂದ್ಕೊಂಡಿದ್ದಿಲ್ಲ."

"ಏನು ಒಪ್ಪಿದೆ ನಾ?"

ಅವರು ಮರಳು ನೋಡಿದರು. "ನಿನ್ನೆ ತಾಟು ಕೊಟ್ರೆಲ್ಲರಿ."

ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಬೇರೆಯವರಿಗೆ ಬಿಡಿಸಿ ಹೇಳಬೇಕು. ನಮ್ಮ ಮನೆತನಗಳಲ್ಲಿ ಹೆಣ್ಣು ನೋಡಲು ಬಂದಾಗ ಹುಡುಗಿಯನ್ನು ಬಾಯಿ ಬಿಟ್ಟು ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಒಪ್ಪಿಗೆ ಇದ್ದರೆ ಅವಲಕ್ಕಿಯದೋ ಉಪ್ಪಿಟ್ಟಿನದೋ ತಾಟನ್ನು ಅವಳೇ ತಂದು ಗಂಡಿನ ಕೈಗೆ, ಆಮೇಲೆ ಗಂಡಿನ ಕಡೆಯ ಹಿರಿಯ ಹೆಂಗಸಿನ ಕೈಗೆ ಕೊಡುತ್ತಾಳೆ. ಒಲ್ಲದಿದ್ದರೆ ತಾಯಿಯೋ ಅತ್ತಿಗೆಯೋ ಕೊಡುತ್ತಾರೆ. ಬಂದವರು ತಿಂದು, ಕೈ ತೊಳೆದು, ಮುನಿಸಿಲ್ಲದೆ ಹೋಗುತ್ತಾರೆ. ನನ್ನ ಸೋದರತ್ತೆಯ ಮಗಳು ತಾಟು ಕೊಟ್ಟದ್ದನ್ನು ನಾನೇ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದೇನೆ. ಇಪ್ಪತ್ತು ಮಂದಿಯ ಪಂಚಾಯಿತಿಯಲ್ಲಿ ಹೂಂ ಎಂದರೂ ಹಿಂದೆ ತೆಗೆದುಕೊಳ್ಳಬಹುದು, ಕೊಟ್ಟ ತಾಟನ್ನು ತಿರುಗಿ ತೆಗೆದುಕೊಳ್ಳಲಾಗದು.

ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಕೋಳಿಯ ಕೈಯಲ್ಲೇ ಮಸಾಲೆ ಅರೆಸಿದ್ದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆ ಬಂತು. ಹಸಿರು ಸೀರೆ ಉಟ್ಟು, ಕೇಸರಿ ಅಂಗಿ ತೊಟ್ಟು, ಬಿಸಿಲಲ್ಲಿ ಆ ಮನುಷ್ಯನ ಎದುರು ನಿಂತಿದ್ದೆ. ಎಲ್ಲಿಗೆ ಓಡಿಹೋಗುವುದು? ಸುತ್ತಲೂ ಸಮುದ್ರ. ಅದಕ್ಕೇ ಹಡಗು ಹುಡುಕಿದರು ಎನ್ನಿಸಿತು.

ನಿಮಗೆ ಏನೆಂದು ಹೇಳಿದ್ದಾರೆ ಎಂದು ಕೇಳಿದೆ. ಒಬ್ಬಳೇ ಇರುವುದು ಬೇಸರವಾಗಿದೆ ಎಂದು ನಾನೇ ಅಣ್ಣನ ಮುಂದೆ ಬಾಯಿ ಬಿಟ್ಟು ಹೇಳಿದ್ದೇನಂತೆ. ಎಂದೂ ಹೇಳಿಲ್ಲ ಎಂದೆ. ಅವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

"ನನಗೂ ಸಂಶಯ ಇತ್ರಿ," ಎಂದರು. "ಗೊಬ್ಬರದ ಚೀಲದ ಹೊಲಿಗಿ ಬಿಚ್ಚಿ ನೋಡಿ ತಗೊಳ್ಳೋ ಮನುಷ್ಯಾ ನಾ. ಆದ್ರ ತಾಟು ಕೊಟ್ಟ ಮ್ಯಾಲ ಇನ್ನೇನು ಕೇಳೋದು ಅಂತ ಸುಮ್ಮನಾದೆ."

ಆ ಮಾತಿಗೆ ನನ್ನ ಸಿಟ್ಟು ಅವರ ಮೇಲಿಂದ ಇಳಿಯಿತು. ನನಗೆ ಮದುವೆ ಬೇಡ, ನಿಮ್ಮ ಮೇಲೆ ಏನೂ ಇಲ್ಲ, ಯಾರನ್ನೂ ಮಾಡಿಕೊಳ್ಳುವವಳಲ್ಲ ಎಂದು ನೆಟ್ಟಗೆ ಹೇಳಿದೆ. ಅವರು ತಲೆಯಾಡಿಸಿದರು. ಮನೆಯಲ್ಲಿ ನಿಮಗೆ ತ್ರಾಸ ಆಗಬಾರದು, ನಾನೇ ಒಲ್ಲೆ ಎಂದೆ ಎಂದು ಹೇಳಿಬಿಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದು, ಈಗ ಗೊತ್ತು. ಆದರೆ ಎರಡನೇ ಸಂಬಂಧದವನೂ ಒಲ್ಲೆ ಎಂದ ಎಂಬ ಮಾತು ಯಾದಗಿರಿಯಿಂದ ಸುರಪುರದ ತನಕ ಬಸ್ಸಿಗಿಂತ ಬೇಗ ಹೋಗುತ್ತದೆ. ಬೇಡ, ಇದ್ದದ್ದು ಇದ್ದ ಹಾಗೆ ಹೇಳಿರಿ, ಅವಳು ಒಲ್ಲೆ ಎಂದಳು ಎನ್ನಿರಿ ಎಂದೆ. ಆಯಿತು ಎಂದರು. ಆಮೇಲೆ ಕರವಸ್ತ್ರ ಮಡಿಸಿ ಕಿಸೆಗೆ ಹಾಕಿಕೊಂಡು, ರೊಟ್ಟಿ ಖರೇ ಛಲೋ ಇತ್ತು ಎಂದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

ಹಡಗಿಗೆ ತಿರುಗಿ ಬಂದ ಮೇಲೆ ಯಾದಗಿರಿಯ ಅಕ್ಕ ಮುಖ ಊದಿಸಿಕೊಂಡು ಮೇಲೆಯೇ ಉಳಿದಳು. ಕೋಣೆಯಲ್ಲಿ ನಾನು ಮತ್ತು ವೈನಿ. ನಾನು ಬಾಗಿಲು ಹಾಕಿ, ನೀನೇ ಅಲ್ಲವೇ ಇದನ್ನೆಲ್ಲ ಮಾಡಿಸಿದ್ದು ಎಂದು ಕೇಳಿದೆ. ಕೇಳಬಾರದ ರೀತಿಯಲ್ಲಿ ಕೇಳಿದೆ. ಸೀರೆ, ಅಳತೆ, ಬಣ್ಣದವನು, ತೊಗರಿಬೇಳೆ, ಎಲ್ಲವನ್ನೂ ಒಂದೊಂದಾಗಿ ಎತ್ತಿ ಅವಳ ಮುಂದೆ ಒಗೆದೆ. ವೈನಿ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿಸಿಕೊಂಡಳು. ಅಷ್ಟರಲ್ಲಿ ಅಣ್ಣ ಬಾಗಿಲು ಬಡಿದು ಒಳಗೆ ಬಂದ.

ಅಣ್ಣ ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಗೆಳೆಯನ ಮುಂದೆ ಮುಖ ಹೋಯಿತು ಎಂದು ಗೊಣಗಿದ, ಒಳ್ಳೆಯ ಮನುಷ್ಯ, ಮಕ್ಕಳು ಮರಿ ಇಲ್ಲ ಎಂದ. ಮಗನಿಗೆ ನೋಡಿದ ಹುಡುಗಿಯ ಕಡೆಯವರು ಬಂದಾಗ ನನ್ನ ಕೋಣೆಯ ಕಡೆ ಬೊಟ್ಟು ಮಾಡಿ, ಇವರು ಹೀಗೇ ಕಾಯಂ ಇರುವವರೇ ಎಂದು ಕೇಳಿದರಂತೆ. ಅದಕ್ಕೆ ಅಣ್ಣನ ಮಗ, ಅತ್ತೆಗೂ ಎಲ್ಲಾದರೂ ಒಂದು ನೆಲೆ 'ನೋಡಾಕತ್ತೇವಿ' ಎಂದು ಹೇಳಿದನಂತೆ. ನಾನು ಅಕ್ಷರ ತಿದ್ದಿಸಿದ ಹುಡುಗ. ಇಷ್ಟೆಲ್ಲ ಹೇಳಿ ಅಣ್ಣ ತಲೆ ಎತ್ತಿ, ಕಪಟವಿಲ್ಲದೆ, ನಿಜವಾಗಿಯೂ ಗೊತ್ತಾಗದವನ ಹಾಗೆ ಕೇಳಿದ:

"ಹಂಗಾದ್ರ ಇನ್ನ ನೀ ಎಲ್ಲಿ ಇರ್ತಿ?"

ನಾನು ಹುಟ್ಟಿದ್ದು ಆ ಮನೆಯಲ್ಲಿ. ಅವನೂ ಅಲ್ಲೇ. ಅವನನ್ನು ಯಾರೂ ಈ ಪ್ರಶ್ನೆ ಕೇಳಿಲ್ಲ, ಕೇಳುವುದೂ ಇಲ್ಲ. ಇಷ್ಟು ದಿನ ಕೋಣೆ ಹೋಗುತ್ತದೆ ಎಂದು ಸಂಶಯಪಟ್ಟು ಕೀಲಿ ಹಾಕಿದ್ದೆ. ಆ ಕೋಣೆ ಎಂದೂ ನನ್ನದಾಗಿರಲೇ ಇಲ್ಲ. ನಾನು ಅತ್ತೆ. ಶಾಲೆಯಲ್ಲಿ ಮಕ್ಕಳೆದುರಿಗೆ, ಅಪ್ಪ ಹೋದಾಗ ಬಳಗದ ಎದುರಿಗೆ ಅಳದವಳು ಆ ತೂಗುವ ಕೋಣೆಯಲ್ಲಿ ಗೋಡೆ ಹಿಡಿದುಕೊಂಡು ಅತ್ತೆ. ಅಣ್ಣನಿಗೆ ತಾನು ಏನೆಂದೆ ಎಂಬುದು ಆಗ ತಿಳಿಯಿತೋ ಏನೋ, ಹಂಗಲ್ಲ ತಂಗಿ, ಹಂಗಲ್ಲ, ಎನ್ನುತ್ತ ನಿಂತು, ಆಮೇಲೆ ಹೊರಗೆ ಹೋದ.

ವೈನಿ ಎದ್ದು ನೀರು ಕೊಟ್ಟಳು. ಕುಡಿಯುವ ತನಕ ಕಾದು, ಲೋಟ ಇಸಿದುಕೊಂಡು ಮಾತಾಡಿದಳು. ಅಷ್ಟು ವರ್ಷಗಳಲ್ಲಿ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

"ಇವರು ಆ ಮನುಷ್ಯಾನ್ನ ಮನ್ಯಾಗಽ ಕರಸ್ತೀನಿ ಅಂದಿದ್ರು. ಬಂದವರಿಗೆ ಚಹಾ ಕೊಡು ಅಂತ ನಿನ್ನ ಕೈಲೆ ಕೊಡಿಸಿ, ಮುಗಿಸೋರಿದ್ರು. ನಾ ಆಗಾಂಗಿಲ್ಲ ಅಂದೆ. ನನಗ ತೋರ್ಸಿದ ದಿನ ನಾ ನಿಮ್ಮಣ್ಣನ ಕಾಲಿನ ಬೆರಳಷ್ಟಽ ನೋಡಿದ್ದೆ, ಮಾರಿ ನೋಡಿದ್ದು ಲಗ್ನದ ದಿನ. ಆಕಿಗರ ನಾಕು ದಿನ ಆ ಮನುಷ್ಯಾನ್ನ ನೋಡಾಕ, ಮಾತಾಡ್ಸಾಕ ಬಿಡ್ರಿ, ಹಡಗಿಗೆ ಕರಕೊಂಡು ನಡೀರಿ ಅಂತ ಹಠ ಹಿಡದೆ."

ಮೊದಲೇ ನನಗೆ ಹೇಳಬಹುದಿತ್ತಲ್ಲ ಎಂದೆ. ಹೇಳಬಾರದು ಎಂದು ಅಣ್ಣ ಮಗನ ಮೇಲೆ ಆಣೆ ಹಾಕಿಸಿದ್ದನಂತೆ. "ನಿನ್ನ ಕೈಯಾಗಿನ ತಾಟು ಕಸಗೊಳ್ಳಾಕ ಬಂದೆ. ನೀ ಬಿಡಲಿಲ್ಲ," ಎಂದಳು. ಹೇಳುವಾಗ ಅವಳ ಕೈ ಹಾಸಿಗೆಯ ಮೇಲಿದ್ದ ನಿನ್ನೆಯ ಸೀರೆಯ ಮೊಸರಿನ ಕಲೆಯ ಮೇಲೆ ಓಡಾಡುತ್ತಿತ್ತು.

ಕ್ಷಮಿಸು ಎಂಬ ಮಾತು ನಮ್ಮ ಮನೆಗಳಲ್ಲಿ ಬಳಕೆಯಲ್ಲಿಲ್ಲ. ಸೀರೆಯ ಮಡಿಕೆಯಲ್ಲಿ ಉಳಿದಿದ್ದ ರೊಟ್ಟಿಯನ್ನು ಇಬ್ಬರೂ ಮುರಿದು ತಿಂದೆವು.

ಕೊನೆಯ ದಿನ ಮತ್ತೆ ನೀರೇ ನೀರು. ಅಣ್ಣ ಮತ್ತು ಯಾದಗಿರಿಯವರು ಬೇರೆ ಬೇರೆ ಮೇಜಿನಲ್ಲಿ ಕೂತು ಪೇಪರು ಓದುತ್ತಿದ್ದರು. ನಾನು ಕಂಬಿಯ ಹತ್ತಿರ ನಿಂತಿದ್ದೆ, ವೈನಿ ಬಂದು ಪಕ್ಕದಲ್ಲಿ ನಿಂತಳು. ನಾನು ಮುಂಜಾನೆಯಿಂದ ಯೋಚಿಸಿ ಗಟ್ಟಿ ಮಾಡಿಕೊಂಡಿದ್ದನ್ನು ಹೇಳಿದೆ. ಸುರಪುರದಲ್ಲಿ ನಮ್ಮ ಶಾಲೆಯ ಹೆಡ್ಮೇಡಂ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ, ಅಡುಗೆ ಮನೆ ಖಾಲಿ ಇದೆ. ಊರು ಮುಟ್ಟಿದ ಕೂಡಲೇ ಹೋಗಿ ಕೇಳುತ್ತೇನೆ, ಹುಡುಗನ ಲಗ್ನಕ್ಕಿಂತ ಮೊದಲೇ ಸಾಮಾನು ಸಾಗಿಸುತ್ತೇನೆ, ಯಾರೋ ಹೊರಗೆ ಹಾಕಿದರು ಎಂದು ಆಗುವುದು ಬೇಡ, ನಾನೇ ಹೋದೆ ಎಂದಾಗಲಿ ಎಂದೆ.

ಬೇಡ ಎನ್ನುತ್ತಾಳೆ ಎಂದು ಕಾದೆ. ಬಾಯಿಮಾತಿಗಾದರೂ, ನಿನ್ನ ಮನಿ ಬಿಟ್ಟು ಎಲ್ಲಿ ಹೋಗ್ತಿ, ಎನ್ನುತ್ತಾಳೆ ಎಂದು ಕಾದೆ. ವೈನಿ ಬೇಡ ಎನ್ನಲಿಲ್ಲ. ನೀರು ನೋಡುತ್ತ ನಿಂತಳು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ, ನನಗೆ ಮತ್ತೆ ಸಂಶಯ ಬಂತು. ನಿನ್ನೆ ಅಷ್ಟೆಲ್ಲ ಮಾತಾಡಿದವಳಿಗೂ ಒಳಗೊಳಗೆ ಹಗುರಾಗಿದೆ, ಕೋಣೆ ಖಾಲಿಯಾಯಿತಲ್ಲ ಎಂದುಕೊಂಡೆ.

"ಆ ಕೋಣಿಯಾಗ ಎರಡು ಹೊರಸು ಹಿಡಿತಾವೇನು?" ಎಂದು ಕೇಳಿದಳು.

ಬಂದು ಹೋಗುವವರ ಚಿಂತೆ ಇವಳಿಗೆ ಈಗಲೇ ಎಂದುಕೊಂಡು, ಬಂದವರಿಗೆ ಚಾಪೆ ಹಾಸಿದರೆ ಸಾಕು ಎಂದೆ.

"ಬಂದವರಿಗಲ್ಲ," ಎಂದಳು ವೈನಿ. "ನನಗ."